ಗದ್ದೆಗೆ ತಗಡು ನೆಟ್ಟ ರೈತರು: ಬಾಲಿಯ ಜತಿಲುವಿಹ್‌ನಲ್ಲಿ ಜಗಳ ಯಾವುದಕ್ಕೆ?

2025ರ ಡಿಸೆಂಬರ್ ಮೊದಲ ವಾರದಲ್ಲಿ ಬಾಲಿ ದ್ವೀಪದಿಂದ ಬಂದ ಕೆಲವು ಫೋಟೋಗಳು ಬಹಳ ಜನರನ್ನು ಗೊಂದಲಕ್ಕೆ ಕೆಡವಿದವು. ಬೆಟ್ಟದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆ. ಅದರ ನಡುವೆ ಸಾಲಾಗಿ ನಿಲ್ಲಿಸಿದ ತಗಡಿನ ಶೀಟುಗಳು. ಬಿಸಿಲಿಗೆ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದವು. ನೋಟ ಕೆಡಿಸಲೆಂದೇ ಅವನ್ನು ನೆಟ್ಟಿದ್ದರು. ನೆಟ್ಟವರು ಆ ಗದ್ದೆಗಳ ರೈತರೇ.

ಊರಿನ ಹೆಸರು ಜತಿಲುವಿಹ್. ಬಾಲಿಯ ತಬನನ್ ಜಿಲ್ಲೆಯ ಪೆನೆಬೆಲ್ ತಾಲ್ಲೂಕಿನಲ್ಲಿದೆ. 2012ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿರುವ ಜಾಗ. 2024ರಲ್ಲಿ ವಿಶ್ವಸಂಸ್ಥೆಯ ಪ್ರವಾಸೋದ್ಯಮ ಸಂಸ್ಥೆ ಇದನ್ನು ಜಗತ್ತಿನ ಅತ್ಯುತ್ತಮ ಪ್ರವಾಸಿ ಹಳ್ಳಿಗಳ ಸಾಲಿಗೂ ಸೇರಿಸಿತು. ಇಷ್ಟು ಹೆಸರು ಬಂದ ಊರಿನ ರೈತರು ತಮ್ಮ ಗದ್ದೆಯ ಚೆಂದವನ್ನು ತಾವೇ ಯಾಕೆ ಹಾಳು ಮಾಡಿಕೊಳ್ಳುತ್ತಾರೆ? ಉತ್ತರ ಸಿಗಬೇಕಾದರೆ ಅಲ್ಲಿನ ನೀರು, ಜಮೀನಿನ ಕಾಗದ, ಪ್ರವಾಸಿಗರ ದುಡ್ಡು ಮೂರನ್ನೂ ಒಟ್ಟಿಗೆ ನೋಡಬೇಕು.

ಏನಾಯ್ತು?

ಡಿಸೆಂಬರ್ 2ರಂದು ಬಾಲಿ ಪ್ರಾಂತ್ಯದ ಶಾಸನಸಭೆಯ ಒಂದು ವಿಶೇಷ ಸಮಿತಿ ಜತಿಲುವಿಹ್‌ಗೆ ಬಂತು. ಜಮೀನು ಬಳಕೆ, ಆಸ್ತಿ, ಪರವಾನಗಿ ಇವುಗಳಲ್ಲಿ ಆಗಿರುವ ತಪ್ಪುಗಳನ್ನು ಹುಡುಕುವುದು ಆ ಸಮಿತಿಯ ಕೆಲಸ. ಗದ್ದೆ ಬಯಲಿನಲ್ಲಿದ್ದ 13 ಪ್ರವಾಸಿ ಕಟ್ಟಡಗಳಿಗೆ ಬೀಗಮುದ್ರೆ ಹಾಕಲಾಯಿತು. ಊಟದ ಮನೆಗಳು, ತಂಗುವ ಮನೆಗಳು ಅದರಲ್ಲಿದ್ದವು. ಸಂರಕ್ಷಿತ ಭತ್ತದ ಭೂಮಿಯಲ್ಲಿ ಕಟ್ಟಿದ್ದೀರಿ ಎನ್ನುವುದು ಆರೋಪ.

ಬೀಗ ಬಿದ್ದ ಕಟ್ಟಡಗಳಲ್ಲಿ ಹಲವು ಊರಿನವರದ್ದೇ. ತಮ್ಮ ಗದ್ದೆಯ ಅಂಚಿನಲ್ಲಿ ತಾವೇ ಹಾಕಿಕೊಂಡ ಸಣ್ಣ ಊಟದ ಮನೆಗಳು, ಅಲ್ಲಿ ಅವಕ್ಕೆ 'ವಾರುಂಗ್' ಅಂತಾರೆ. ಎರಡೇ ದಿನದಲ್ಲಿ ತಗಡು ಗದ್ದೆಗೆ ಇಳಿಯಿತು. ಪ್ರವಾಸಿಗರು ಬರುವುದು ನಮ್ಮ ಗದ್ದೆ ನೋಡೋಕೆ, ಅದರಿಂದ ನಾವು ನಾಲ್ಕು ಕಾಸು ಮಾಡಿಕೊಳ್ಳೋದು ತಪ್ಪು ಅನ್ನುವುದಾದರೆ ನೋಟವೂ ಯಾರಿಗೂ ಸಿಗದಿರಲಿ. ಇದು ಅವರ ಪ್ರತಿಭಟನೆಯ ಸಾರ.

ಒಂದು ಊರು, ಮೂರು ಆಡಳಿತ

ಬಾಲಿಯ ಹಳ್ಳಿಯಲ್ಲಿ ಆಡಳಿತ ಒಂದೇ ಇರುವುದಿಲ್ಲ. 'ದೇಸ ದಿನಾಸ್' ಅಂದರೆ ಸರ್ಕಾರಿ ಹಳ್ಳಿ. ಗುರುತಿನ ಚೀಟಿ, ಅನುದಾನ, ರಸ್ತೆ ಇವೆಲ್ಲ ಅದರ ಕೈಯಲ್ಲಿ. 'ದೇಸ ಅದತ್' ಅಂದರೆ ಸಂಪ್ರದಾಯದ ಹಳ್ಳಿ. ದೇವಸ್ಥಾನ, ಮದುವೆ, ಸಾವು, ಹಬ್ಬ, ಮನೆ ಕಟ್ಟುವ ನಿವೇಶನ ಇದರ ಲೆಕ್ಕಕ್ಕೆ ಬರುತ್ತವೆ. ಮನೆ ನಿಂತಿರುವ ಜಾಗ ಬಹಳ ಕಡೆ ಈ ಸಂಪ್ರದಾಯದ ಹಳ್ಳಿಗೇ ಸೇರಿದ್ದು. ಅಲ್ಲಿ ವಾಸ ಮಾಡುವ ಕುಟುಂಬ ದೇವಸ್ಥಾನದ ಕೆಲಸಕ್ಕೆ ಆಳು ಕೊಡಬೇಕು, ಕಾಣಿಕೆ ಕೊಡಬೇಕು. ಆ ನಿವೇಶನವನ್ನು ಮಾರುವ ಹಾಗಿಲ್ಲ.

ಮೂರನೆಯದು 'ಸುಬಕ್'. ಇದು ನೀರಿನ ಸಂಘ. ಊರಿನ ಗಡಿಗೂ ಇದರ ಗಡಿಗೂ ಸಂಬಂಧ ಇಲ್ಲ. ಒಂದು ಕಾಲುವೆಯ ನೀರು ಎಲ್ಲಿಯವರೆಗೆ ಹರಿಯುತ್ತದೋ ಅಲ್ಲಿಯವರೆಗೆ ಒಂದು ಸುಬಕ್. ಅಲ್ಲಿ ಗದ್ದೆ ಇಟ್ಟುಕೊಂಡವರೆಲ್ಲ ಅದರ ಸದಸ್ಯರು. ಮುಖ್ಯಸ್ಥನನ್ನು 'ಪೆಕಸೆಹ್' ಅಂತಾರೆ. ಜತಿಲುವಿಹ್ ಸುಬಕ್‌ನ ಗದ್ದೆ ಸುಮಾರು 300 ಹೆಕ್ಟೇರ್. ಅದು 2,276 ಮೀಟರ್ ಎತ್ತರದ ಬತುಕಾರು ಬೆಟ್ಟದ ತಪ್ಪಲಿನಲ್ಲಿ ಹರಡಿಕೊಂಡಿದೆ.

ಸದ್ಯದ ಜಗಳದಲ್ಲಿ ಇದು ಮುಖ್ಯವಾಗುತ್ತದೆ. ಕಟ್ಟಡಕ್ಕೆ ಹಳ್ಳಿಯ ಕಚೇರಿ ಒಪ್ಪಿರಬಹುದು. ಸಂಪ್ರದಾಯದ ಹಳ್ಳಿ ಸುಮ್ನೆ ಇದ್ದಿರಬಹುದು. ಸುಬಕ್ ಒಳಗೊಳಗೇ ಬೇಸರಪಟ್ಟಿರಬಹುದು. ಆಮೇಲೆ ಜಿಲ್ಲೆ, ಪ್ರಾಂತ್ಯ, ಜಕಾರ್ತಾ ಎಂದು ಮೇಲೆ ಇನ್ನೂ ಮೂರು ಹಂತ ಇವೆ. ಯಾರ ಹೂಂ ಅನ್ನುವುದು ಕೊನೆಯ ಮಾತು ಅನ್ನುವುದೇ ಹಳ್ಳಿಯವರಿಗೆ ಸರಿಯಾಗಿ ತಿಳಿಯುವುದಿಲ್ಲ.

ನೀರು ಹೇಗೆ ಹಂಚಿಕೆಯಾಗುತ್ತದೆ

ಸುಬಕ್ ಪದ್ಧತಿಗೆ ಸುಮಾರು ಸಾವಿರ ವರ್ಷದ ಹಿನ್ನೆಲೆ ಇದೆ. ದೇವರು, ಮನುಷ್ಯ, ಪ್ರಕೃತಿ ಮೂರರ ನಡುವೆ ಹೊಂದಿಕೆ ಇರಬೇಕು ಎನ್ನುವ 'ತ್ರಿ ಹಿತ ಕರಣ' ಎಂಬ ನಂಬಿಕೆ ಅದರ ಬುಡದಲ್ಲಿದೆ. ಯುನೆಸ್ಕೋ ಪಟ್ಟಿಯಲ್ಲಿ ಈ ತಾಣದ ಹೆಸರಿನಲ್ಲೇ ಈ ಮಾತು ಸೇರಿದೆ. ಬಾಲಿಯ ಐದು ಕಡೆಯ ಗದ್ದೆ ಬಯಲು ಮತ್ತು ನೀರಿನ ಗುಡಿಗಳನ್ನು ಸೇರಿಸಿ ಒಟ್ಟು ಸುಮಾರು 19,500 ಹೆಕ್ಟೇರ್ ಈ ಪಟ್ಟಿಯಲ್ಲಿದೆ. ಬತೂರ್ ಕೆರೆಯ ಅಂಚಿನ ದೊಡ್ಡ ಗುಡಿಯೂ ಅದರಲ್ಲಿದೆ.

ನಂಬಿಕೆಯ ಜತೆಗೆ ಗಟ್ಟಿಯಾದ ಲೆಕ್ಕಾಚಾರವೂ ಇದೆ. ನಾಟಿ ಯಾವಾಗ, ಗದ್ದೆ ಖಾಲಿ ಬಿಡುವುದು ಯಾವಾಗ ಅನ್ನುವುದನ್ನು ಒಬ್ಬೊಬ್ಬ ರೈತ ತನಗೆ ಬೇಕಾದ ಹಾಗೆ ತೀರ್ಮಾನಿಸುವುದಿಲ್ಲ. ಸುಬಕ್ ಸೇರಿ ತೀರ್ಮಾನಿಸುತ್ತದೆ. ಒಂದು ಬಯಲಿನಲ್ಲಿ ಎಲ್ಲರೂ ಒಟ್ಟಿಗೆ ಕೊಯ್ದು ಒಟ್ಟಿಗೆ ಖಾಲಿ ಬಿಟ್ಟರೆ ಇಲಿಗೆ, ಹುಳಕ್ಕೆ ತಿನ್ನಲು ಏನೂ ಸಿಗುವುದಿಲ್ಲ. ಸಂತತಿ ತಾನಾಗಿ ಕುಸಿಯುತ್ತದೆ. ಆದರೆ ಇಡೀ ಬೆಟ್ಟದ ಎಲ್ಲ ಸುಬಕ್‌ಗಳೂ ಒಂದೇ ದಿನ ನಾಟಿಗೆ ಇಳಿದರೆ ನೀರು ಸಾಲುವುದಿಲ್ಲ. ಆದ್ದರಿಂದ ಮೇಲಿನವರು ಮೊದಲು, ಕೆಳಗಿನವರು ಆಮೇಲೆ ಎಂದು ಸರದಿ ಹಾಕಿಕೊಳ್ಳುತ್ತಾರೆ. ಈ ಸರದಿ ಗೊತ್ತು ಮಾಡುವ ಜಾಗ ನೀರಿನ ಗುಡಿ.

ಇದನ್ನು ಮುರಿದರೆ ಏನಾಗುತ್ತದೆ ಎಂದು ಬಾಲಿ ಒಮ್ಮೆ ಅನುಭವಿಸಿದೆ. 1970ರ ದಶಕದ ಹಸಿರು ಕ್ರಾಂತಿಯಲ್ಲಿ ಸರ್ಕಾರ ಬೇಗ ಬೆಳೆಯುವ ಹೊಸ ತಳಿ ಕೊಟ್ಟು, ಸರದಿ ಬಿಟ್ಟು ಆದಷ್ಟು ಸಲ ನಾಟಿ ಮಾಡಿ ಅಂದಿತು. ಮೊದಲು ಇಳುವರಿ ಏರಿತು. ಆಮೇಲೆ ಕಂದು ಜಿಗಿಹುಳ ಮತ್ತು ಇಲಿಗಳ ಕಾಟ ಹತ್ತಿತು, ನೀರಿನ ಹಂಚಿಕೆ ಅಸ್ತವ್ಯಸ್ತವಾಯಿತು. 1980ರ ದಶಕದಲ್ಲಿ ರೈತರು ಮತ್ತೆ ಗುಡಿಯ ಸರದಿಗೆ ಮರಳಿದರು. ಆ ಸರದಿಯೇ ಹೆಚ್ಚು ಇಳುವರಿ ಕೊಡುತ್ತದೆ ಅನ್ನುವುದು ಆಮೇಲೆ ಕಂಪ್ಯೂಟರ್ ಮಾದರಿಗಳಲ್ಲೂ ಕಾಣಿಸಿತು.

ಈಗ ಇದೇ ಬಯಲಿನ ನಡುವೆ ಒಬ್ಬರು ಗದ್ದೆ ಮುಚ್ಚಿ ವಿಲ್ಲಾ ಕಟ್ಟಿದರು ಎಂದುಕೊಳ್ಳಿ. ಮೆಟ್ಟಿಲು ಗದ್ದೆಯಲ್ಲಿ ನೀರು ಒಂದು ಗದ್ದೆಯಿಂದ ಇನ್ನೊಂದಕ್ಕೆ ಇಳಿಯುತ್ತದೆ. ಅಡಿಪಾಯ ಹಾಕಿದ ಕಡೆ ಆ ದಾರಿ ತಪ್ಪುತ್ತದೆ. ಗೋಡೆಯ ನೆರಳು ಪಕ್ಕದ ಪೈರಿನ ಮೇಲೆ ಬೀಳುತ್ತದೆ. ಬಚ್ಚಲ ನೀರು ಕಾಲುವೆಗೆ ಸೇರುತ್ತದೆ. ವಿಲ್ಲಾದವರು ಕಾಲುವೆ ಹೂಳೆತ್ತಲು ಬರುವುದಿಲ್ಲ, ಉಳಿದವರ ಪಾಲಿನ ಕೆಲಸ ಅಷ್ಟು ಜಾಸ್ತಿಯಾಗುತ್ತದೆ. ನಾಲ್ಕೈದು ವರ್ಷಕ್ಕೆ ಕೆಳಗಿನ ಗದ್ದೆಯವನೂ ಸೋತು, ನಾನೂ ಗುತ್ತಿಗೆಗೆ ಕೊಡುತ್ತೇನೆ ಅನ್ನುತ್ತಾನೆ. ಕಾಗದದಲ್ಲಿ ಗದ್ದೆ ಒಬ್ಬೊಬ್ಬರದ್ದು. ಬೆಳೆ ಬರಬೇಕಾದರೆ ಮಾತ್ರ ಇಡೀ ಬಯಲು ಒಂದಾಗಿ ಇರಬೇಕು. ಈ ಜಗಳದ ಬೇರು ಇರುವುದು ಇಲ್ಲಿ.

ಜಮೀನು ಯಾರದ್ದು? ಕಾಗದ ಯಾವುದು?

ಇಂಡೊನೇಷ್ಯಾದ ಮೂಲ ಭೂ ಕಾನೂನು 1960ರದ್ದು. ಅದರ ಪ್ರಕಾರ ಪೂರ್ಣ ಒಡೆತನ, ಅಂದರೆ 'ಹಕ್ ಮಿಲಿಕ್', ಇಂಡೊನೇಷ್ಯಾದ ಪ್ರಜೆಗಳಿಗೆ ಮಾತ್ರ. ಹೊರದೇಶದವರಿಗೆ ಮಾರಿದರೆ ಆ ಮಾರಾಟವೇ ಅಸಿಂಧು, ಜಮೀನು ಸರ್ಕಾರಕ್ಕೆ ಹೋಗುತ್ತದೆ. ಕೃಷಿ ಜಮೀನಿಗೆ ಇನ್ನೂ ಒಂದು ನಿಯಮ ಇದೆ. ಒಡೆಯ ಅದೇ ತಾಲ್ಲೂಕಿನಲ್ಲಿ ವಾಸ ಮಾಡಬೇಕು. 1960ರ ದಶಕದ ಭೂಸುಧಾರಣೆಯಿಂದ ಬಂದ ಈ ನಿಯಮ ಕಾಗದದಲ್ಲಿ ಈಗಲೂ ಇದೆ, ಜಾರಿಯಲ್ಲಿ ಮಾತ್ರ ಸಡಿಲ.

ಹಳ್ಳಿಗಳಲ್ಲಿ ಸರ್ಕಾರಿ ಹಕ್ಕುಪತ್ರ ಬರುವುದಕ್ಕೆ ಮುಂಚೆ ಜನ ಹಳೆ ತೆರಿಗೆ ಚೀಟಿಗಳನ್ನೇ ಒಡೆತನದ ದಾಖಲೆ ಎಂದು ಇಟ್ಟುಕೊಂಡಿದ್ದರು. ಜಾವಾದಲ್ಲಿ 'ಗಿರಿಕ್', ಬಾಲಿಯಲ್ಲಿ 'ಪಿಪಿಲ್'. 2021ರ ಒಂದು ಸರ್ಕಾರಿ ನಿಯಮ ಇಂಥ ಹಳೆ ಕಾಗದಗಳನ್ನು ಐದು ವರ್ಷದೊಳಗೆ ನೋಂದಣಿ ಮಾಡಿಸಿ ಅಂದಿತು. ಆ ಗಡುವು 2026ರ ಫೆಬ್ರವರಿ 2ಕ್ಕೆ ಮುಗಿಯುವಂಥದ್ದು. ಅದರಿಂದ ಇಡೀ ದೇಶದ ಹಳ್ಳಿಗಳಲ್ಲಿ ದಿಗಿಲು ಹುಟ್ಟಿತು. ಗಡುವು ಕಳೆದರೆ ನಮ್ಮ ಜಮೀನು ಸರ್ಕಾರದ್ದಾಗುತ್ತದೆ ಎಂಬ ಸುದ್ದಿ ಹಬ್ಬಿತು. ಅದು ಹಾಗಲ್ಲ. ಗಡುವಿನ ಬಳಿಕ ಹಳೆ ಚೀಟಿ ಹಕ್ಕಿನ ಪುರಾವೆಯಾಗಿ ನಿಲ್ಲುವುದಿಲ್ಲ, ನೋಂದಣಿ ಮಾಡಿಸುವಾಗ ಒಂದು ಸುಳಿವಾಗಿ ಮಾತ್ರ ಬಳಕೆಯಾಗುತ್ತದೆ. ಜಮೀನು ತಾನಾಗಿ ಕೈತಪ್ಪುವುದಿಲ್ಲ. ಆದರೆ ಅಣ್ಣತಮ್ಮಂದಿರ ತಕರಾರು ಇರುವ ಕಡೆ, ಅಜ್ಜನ ಹೆಸರಿನಲ್ಲೇ ಚೀಟಿ ಉಳಿದ ಕಡೆ, ಹಕ್ಕು ಸಾಬೀತು ಮಾಡುವುದು ಖಂಡಿತ ಕಷ್ಟವಾಗುತ್ತದೆ. ಪಹಣಿ, ಪೌತಿ ಖಾತೆ ಎಂದು ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಕ್ಕುಪತ್ರ ಬಂದರೆ ರೈತನಿಗೆ ಭದ್ರತೆ ಸಿಗುತ್ತದೆ. ಅದೇ ಹೊತ್ತಿಗೆ ಜಮೀನು ಗುತ್ತಿಗೆಗೆ ಕೊಡುವುದೂ ಸುಲಭವಾಗುತ್ತದೆ. ಬಾಲಿಯ ಗದ್ದೆಗಳು ಇಷ್ಟು ಬೇಗ ಕೈಬದಲಾಗುತ್ತಿರುವುದಕ್ಕೆ ಇದೂ ಒಂದು ಕಾರಣ.

ಭತ್ತ ಯಾಕೆ ಸೋಲುತ್ತದೆ

ಬಾಲಿಯಲ್ಲಿ ಜಮೀನನ್ನು 'ಆರೆ' ಲೆಕ್ಕದಲ್ಲಿ ಅಳೆಯುತ್ತಾರೆ. ಒಂದು ಆರೆ ಅಂದರೆ 100 ಚದರ ಮೀಟರ್. ನಮ್ಮ ಒಂದು ಗುಂಟೆಯೂ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಅಲ್ಲಿನ ಲೆಕ್ಕ ನಮಗೆ ಸುಲಭ.

30 ಆರೆ, ಅಂದರೆ ಮುಕ್ಕಾಲು ಎಕರೆ ಗದ್ದೆ ಇರುವ ಒಂದು ಕುಟುಂಬವನ್ನು ತೆಗೆದುಕೊಳ್ಳೋಣ. ಅಲ್ಲಿ ಇದೇನೂ ಚಿಕ್ಕ ಹಿಡುವಳಿ ಅಲ್ಲ. ಹೆಕ್ಟೇರಿಗೆ ಐದೂವರೆ ಟನ್ ಇಳುವರಿ ಹಿಡಿದರೆ 1,650 ಕಿಲೋ ಭತ್ತ ಸಿಗುತ್ತದೆ. 2025ರಲ್ಲಿ ಸರ್ಕಾರ ಭತ್ತಕ್ಕೆ ಗೊತ್ತು ಮಾಡಿದ ಖರೀದಿ ಬೆಲೆ ಕಿಲೋಗೆ 6,500 ರುಪಿಯಾ. ಒಂದು ಬೆಳೆಗೆ ಒಟ್ಟು ಸುಮಾರು 1 ಕೋಟಿ 7 ಲಕ್ಷ ರುಪಿಯಾ. ಅಂಕಿ ದೊಡ್ಡದಾಗಿ ಕಾಣುತ್ತದೆ. ನಮ್ಮ ದುಡ್ಡಿನಲ್ಲಿ ಅದು 57,000 ರೂಪಾಯಿ ಆಸುಪಾಸು. ಅದರಲ್ಲಿ ಉಳುಮೆ, ಗೊಬ್ಬರ, ಆಳು, ಗುಡಿಯ ಕಾಣಿಕೆ ಕಳೆಯಬೇಕು. ಗೇಣಿಗೆ ಮಾಡುವವನಾದರೆ ಒಡೆಯನ ಪಾಲೂ ಹೋಗಬೇಕು. ಇದು ನಾಲ್ಕು ತಿಂಗಳ ದುಡಿಮೆಗೆ ಸಿಗುವ ಹಣ. ಜತಿಲುವಿಹ್‌ನ ಹೆಮ್ಮೆಯಾದ ನಾಟಿ ಕೆಂಪಕ್ಕಿ ಬೆಳೆದರೆ ಒಳ್ಳೆ ಬೆಲೆ ಸಿಗುತ್ತದೆ, ಆದರೆ ಆ ತಳಿ ಬಲಿಯಲು ಇನ್ನೂ ಹೆಚ್ಚು ತಿಂಗಳು ಬೇಕು.

ಇನ್ನೊಂದು ಕಡೆ ಗುತ್ತಿಗೆದಾರ ಬರುತ್ತಾನೆ. 25 ವರ್ಷಕ್ಕೆ ಗದ್ದೆ ಕೊಡಿ, ಪೂರ್ತಿ ಹಣ ಇವತ್ತೇ ಕೊಡುತ್ತೇನೆ ಅನ್ನುತ್ತಾನೆ. ಬಾಲಿಯಲ್ಲಿ ಗುತ್ತಿಗೆ ಹಣವನ್ನು ಮೊದಲೇ ಒಟ್ಟಿಗೆ ಕೊಡುವುದು ವಾಡಿಕೆ. ರೈತನಿಗೆ ಜಮೀನು ಮಾರಿದ ಪಾಪಪ್ರಜ್ಞೆಯೂ ಇಲ್ಲ, ಹಕ್ಕುಪತ್ರ ಮನೆಯಲ್ಲೇ ಇರುತ್ತದೆ. ಮಗಳ ಓದು, ಮನೆದೇವರ ಗುಡಿ ರಿಪೇರಿ, ತಂದೆಯ ದಹನದ ವಿಧಿ ಎಲ್ಲಕ್ಕೂ ದುಡ್ಡು ಬೇಕು. ಬಾಲಿಯಲ್ಲಿ ಈ ವಿಧಿಗಳ ಖರ್ಚು ಸಣ್ಣದಲ್ಲ. ಅದಕ್ಕೆ ಒಪ್ಪಿಬಿಡುತ್ತಾನೆ. 25 ವರ್ಷ ಕಳೆದು ಜಮೀನು ವಾಪಸ್ ಬರುವಾಗ ಅದರ ಮೇಲೆ ಕಾಂಕ್ರೀಟ್ ಇರುತ್ತದೆ. ಕಾಲುವೆ ಆ ದಾರಿ ಮರೆತಿರುತ್ತದೆ. ಮತ್ತೆ ಅದು ಗದ್ದೆಯಾಗುವುದು ಕನಸು.

ಗುತ್ತಿಗೆಗೂ ಕೊಡದೆ ಬೇಸಾಯ ಬಿಡದೆ ಉಳಿದವನು ಮಾಡುವ ನಡುದಾರಿಯ ಕೆಲಸವೇ ವಾರುಂಗ್. ಗದ್ದೆಯ ಒಂದು ಮೂಲೆಯಲ್ಲಿ ನಾಲ್ಕು ಕಂಬ, ಮೇಲೊಂದು ಮಾಡು, ಕಾಫಿ, ಅನ್ನ, ಕೆಂಪಕ್ಕಿ ಚಹಾ. ಉಳಿದ ಗದ್ದೆಯಲ್ಲಿ ಭತ್ತ. ವಿಲ್ಲಾ ಮತ್ತು ಈ ವಾರುಂಗ್ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿ ಅಲ್ಲ ಅನ್ನುವುದು ನನ್ನ ಅಭಿಪ್ರಾಯ. ಕಾನೂನು ಮಾತ್ರ ಹಾಗೇ ತೂಗುತ್ತದೆ.

ಪರವಾನಗಿ ಇತ್ತಾ, ಇಲ್ವಾ?

ಹಳ್ಳಿಯವರಲ್ಲಿ ಕೆಲವರು ನಮ್ಮ ಹತ್ತಿರ ಕಾಗದ ಇದೆ ಅನ್ನುತ್ತಾರೆ. ಅಧಿಕಾರಿಗಳು ಇಲ್ಲ ಅನ್ನುತ್ತಾರೆ. ಇಬ್ಬರ ಮಾತೂ ಒಂದೇ ಸಲಕ್ಕೆ ನಿಜವಾಗುವ ಪರಿಸ್ಥಿತಿ ಇಂಡೊನೇಷ್ಯಾದಲ್ಲಿದೆ.

2020ರಲ್ಲಿ ಬಂದ ಉದ್ಯೋಗ ಸೃಷ್ಟಿ ಕಾನೂನು ವ್ಯಾಪಾರ ಶುರು ಮಾಡುವುದನ್ನು ಸುಲಭ ಮಾಡಿತು. ಸಣ್ಣ ವ್ಯಾಪಾರ ಆದರೆ ಆನ್‌ಲೈನ್‌ನಲ್ಲಿ ವಿವರ ತುಂಬಿದರೆ ಸಾಕು, ಕೇಂದ್ರದ ವ್ಯವಸ್ಥೆಯಿಂದ ವ್ಯಾಪಾರ ಸಂಖ್ಯೆ ಬಂದುಬಿಡುತ್ತದೆ. ಅಪಾಯ ಕಡಿಮೆ ಇರುವ ವ್ಯಾಪಾರಕ್ಕೆ ಯಾರೂ ಜಾಗಕ್ಕೆ ಬಂದು ನೋಡುವುದಿಲ್ಲ. ಹಳ್ಳಿಯವನು ಅದನ್ನೇ ಅನುಮತಿ ಎಂದುಕೊಳ್ಳುತ್ತಾನೆ. ಆದರೆ ಕಟ್ಟಡದ ಒಪ್ಪಿಗೆ ಬೇರೆ, ಅದು ಜಿಲ್ಲೆಯಿಂದ ಬರಬೇಕು. ಆ ಜಾಗದಲ್ಲಿ ಕಟ್ಟಬಹುದೇ ಅನ್ನುವುದು ಇನ್ನೂ ಬೇರೆ, ಅದಕ್ಕೆ ಜಮೀನು ಬಳಕೆಯ ನಕ್ಷೆ ನೋಡಬೇಕು.

ಆ ನಕ್ಷೆಯೇ ಎರಡೆರಡು ಪದರ. ಆಹಾರ ಬೆಳೆಯ ಭೂಮಿ ಉಳಿಸಬೇಕು ಎಂದು 2009ರಲ್ಲಿ ಒಂದು ಕಾನೂನು ಬಂತು. ಅದರಡಿ ಯಾವ ಗದ್ದೆ ಎಂದು ಜಿಲ್ಲೆಗಳು ಗುರುತಿಸಬೇಕು. ಆಮೇಲೆ 2021ರಲ್ಲಿ ಕೇಂದ್ರದ ಭೂ ಸಚಿವಾಲಯ ಬಾಲಿಯೂ ಸೇರಿ ಎಂಟು ಪ್ರಾಂತ್ಯಗಳಲ್ಲಿ ಸಂರಕ್ಷಿತ ಭತ್ತದ ಗದ್ದೆಗಳ ತನ್ನದೇ ನಕ್ಷೆ ಹೊರಡಿಸಿತು. ಇದರ ಮೇಲೆ ವಿಶ್ವ ಪರಂಪರೆಯ ಗಡಿ ಮೂರನೇ ಪದರ. ಹೊಲದ ಬದುವಿನಲ್ಲಿ ನಿಂತವನಿಗೆ ಈ ಗೆರೆಗಳು ಯಾವುದೂ ಕಾಣುವುದಿಲ್ಲ, ಅಲ್ವಾ? ವರ್ಷಗಟ್ಟಲೆ ಕಣ್ಣೆದುರೇ ಕಟ್ಟಡ ಎದ್ದಾಗ ಸುಮ್ಮನಿದ್ದ ವ್ಯವಸ್ಥೆ ಒಂದು ಬೆಳಿಗ್ಗೆ ಬೀಗ ಹಿಡಿದು ಬಂದರೆ ಸಿಟ್ಟು ಬರುವುದು ಸಹಜ.

ಸರ್ಕಾರಕ್ಕೆ ಈಗಲೇ ಯಾಕೆ ಅವಸರ?

2025 ಬಾಲಿಗೆ ಕೆಟ್ಟ ವರ್ಷ. ಜುಲೈನಲ್ಲಿ ದಕ್ಷಿಣದ ಬಿಂಗಿನ್ ಕಡಲ ತೀರದಲ್ಲಿ ಸರ್ಕಾರಿ ಜಾಗದಲ್ಲಿದ್ದ 48 ಕಟ್ಟಡಗಳನ್ನು ಕೆಡವಲಾಯಿತು. ಸೆಪ್ಟೆಂಬರ್ 10ರಂದು ಡೆನ್ಪಸಾರ್ ಮತ್ತು ಸುತ್ತಮುತ್ತ ದೊಡ್ಡ ಪ್ರವಾಹ ಬಂತು. ಹದಿನೈದಕ್ಕೂ ಹೆಚ್ಚು ಜನ ಸತ್ತರು. ಮಳೆ ಜೋರಾಗಿತ್ತು, ನಿಜ. ಆದರೆ ನೀರು ಇಂಗುವ ಗದ್ದೆಗಳು ಕಟ್ಟಡಗಳಾಗಿದ್ದು, ನದಿ ದಂಡೆಗಳು ಒತ್ತುವರಿಯಾಗಿದ್ದು, ಕಸ ಕಟ್ಟಿಕೊಂಡಿದ್ದು ಎಲ್ಲ ಚರ್ಚೆಗೆ ಬಂತು. ಗದ್ದೆ ಜಾಗದಲ್ಲಿ ಹೊಸ ಹೋಟೆಲು, ರೆಸ್ಟೋರೆಂಟುಗಳಿಗೆ ಇನ್ನು ಅನುಮತಿ ಇಲ್ಲ ಎಂದು ಗವರ್ನರ್ ವಯಾನ್ ಕೋಸ್ಟರ್ ಘೋಷಿಸಿದರು.

ಸರ್ಕಾರದ ವಾದದಲ್ಲಿ ಹುರುಳಿದೆ. ಬಾಲಿಯ ಜನಸಂಖ್ಯೆ ಸುಮಾರು 44 ಲಕ್ಷ. 2024ರಲ್ಲಿ ಅಲ್ಲಿಗೆ ಬಂದ ವಿದೇಶಿ ಪ್ರವಾಸಿಗರು 63 ಲಕ್ಷ. ಇಷ್ಟು ಜನರಿಗೆ ಜಾಗ, ನೀರು, ರಸ್ತೆ ಕೊಡುತ್ತಾ ಹೋದರೆ ಗದ್ದೆ ಉಳಿಯುವುದಿಲ್ಲ. ದಕ್ಷಿಣದ ಚಂಗ್ಗು ಹದಿನೈದು ಇಪ್ಪತ್ತು ವರ್ಷದಲ್ಲಿ ಗದ್ದೆ ಊರಿನಿಂದ ಟ್ರಾಫಿಕ್ ಊರಾಗಿದ್ದು ಎಲ್ಲರ ಕಣ್ಣ ಮುಂದಿದೆ. ಜತಿಲುವಿಹ್‌ನಲ್ಲೂ ಇವತ್ತು ಹದಿಮೂರು ಕಟ್ಟಡ ಬಿಟ್ಟರೆ ನಾಳೆ ನೂರು ಎನ್ನುವ ಭಯ ಸುಳ್ಳಲ್ಲ.

ಯುನೆಸ್ಕೋ ಭಯವೂ ಇದೆ. ಪಟ್ಟಿಯಿಂದ ಹೆಸರು ತೆಗೆಯುವುದು ಅಪರೂಪ, ಆದರೆ ಆಗಿದೆ. 2009ರಲ್ಲಿ ಜರ್ಮನಿಯ ಡ್ರೆಸ್ಡನ್ ಒಂದು ಸೇತುವೆಯ ಕಾರಣಕ್ಕೆ ಹೊರಬಿತ್ತು. 2021ರಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನ ಹೊಸ ಕಟ್ಟಡಗಳಿಂದಾಗಿ ಹೊರಬಿತ್ತು.

ರೈತರ ಲೆಕ್ಕ

ರೈತರು ಗದ್ದೆ ಉಳಿಸುವುದು ಬೇಡ ಎನ್ನುತ್ತಿಲ್ಲ. ಉಳಿಸುವ ಖರ್ಚು ನಮ್ಮೊಬ್ಬರ ತಲೆ ಮೇಲೆ ಯಾಕೆ ಎಂದು ಕೇಳುತ್ತಿದ್ದಾರೆ.

ಜತಿಲುವಿಹ್‌ಗೆ ಬರುವ ಪ್ರತಿ ಪ್ರವಾಸಿ ಟಿಕೆಟ್ ತೆಗೆದುಕೊಳ್ಳಬೇಕು. ಆ ಹಣ ಜಿಲ್ಲಾ ಸರ್ಕಾರ, ಹಳ್ಳಿಗಳು, ಸುಬಕ್, ನಿರ್ವಹಣೆ ಎಂದು ಹಂಚಿಹೋಗುತ್ತದೆ. ಒಬ್ಬೊಬ್ಬ ರೈತನ ಕೈಗೆ ಬರುವುದು ಬಹಳ ಕಡಿಮೆ. ಅದೂ ಹೆಚ್ಚಾಗಿ ಗೊಬ್ಬರ, ಬೀಜ, ಗುಡಿಯ ಪೂಜೆಯ ನೆರವಿನ ರೂಪದಲ್ಲಿ. ಟಿಕೆಟ್ ಕೊಂಡವರು ನೋಡುವುದು ಅವನ ಗದ್ದೆ. ನಡೆಯುವುದು ಅವನ ಬದುವಿನ ಮೇಲೆ. ಆ ಬದು ಕುಸಿದರೆ ಕಟ್ಟುವವನೂ ಅವನೇ. ಗದ್ದೆ ಪಕ್ಕದ ದೊಡ್ಡ ರೆಸ್ಟೋರೆಂಟುಗಳು ಮಾರುವುದೂ ಇದೇ ನೋಟವನ್ನು. ಅವುಗಳಿಂದ ನೋಟದ ಬಾಡಿಗೆ ರೈತನಿಗೆ ಬರುವುದಿಲ್ಲ.

ಸಂರಕ್ಷಿತ ಎಂದು ಗುರುತು ಬಿದ್ದ ಕೂಡಲೇ ಆ ಜಮೀನಿನ ಮಾರುಕಟ್ಟೆ ಬೆಲೆಯೂ ಕುಗ್ಗುತ್ತದೆ, ಗೆರೆಯ ಆಚೆಗಿನ ಜಮೀನಿನ ಬೆಲೆ ಏರುತ್ತದೆ. ಗೆರೆಯ ಈಚೆ ಇದ್ದ ಒಂದೇ ಕಾರಣಕ್ಕೆ ಒಬ್ಬ ಬಡವನಾಗುತ್ತಾನೆ. 2009ರ ಕಾನೂನು ಇಂಥ ರೈತರಿಗೆ ತೆರಿಗೆ ರಿಯಾಯಿತಿ, ಕಾಲುವೆ, ಬೀಜ, ಗೊಬ್ಬರದ ನೆರವು ಕೊಡಬೇಕು ಎಂದು ಬರೆದಿದೆ. ನಿರ್ಬಂಧ ಚುರುಕಾಗಿ ಬಂತು, ನೆರವು ನಿಧಾನವಾಗಿ ಬಂತು. ತಗಡು ಪ್ರತಿಭಟನೆಯ ಬಳಿಕ ಅಧಿಕಾರಿಗಳು ರೈತರ ಜತೆ ಮಾತಿಗೆ ಕೂತಾಗ ಮುಂದೆ ಬಂದಿದ್ದೂ ಇದೇ ನೆರವಿನ ಮಾತು.

ಇನ್ನೊಂದು ಸಿಟ್ಟು ಇದೆ. ದೊಡ್ಡ ಬಂಡವಾಳದ ಹೋಟೆಲುಗಳಿಗೆ ದಾರಿ ಸಿಗುತ್ತದೆ, ನಮ್ಮ ವಾರುಂಗ್‌ಗೆ ಮಾತ್ರ ಬೀಗ ಎಂದು. ಇದಕ್ಕೆ ಸರ್ಕಾರ ಮಾತಿನಲ್ಲಿ ಉತ್ತರ ಕೊಟ್ಟರೆ ಸಾಲದು, ದೊಡ್ಡವರ ಮೇಲೂ ಅದೇ ಅಳತೆಯಲ್ಲಿ ಕ್ರಮ ಕಾಣಬೇಕು.

ಹಂಪಿಯಲ್ಲಿ, ಘಟ್ಟದಲ್ಲಿ ಇದೇ ಪ್ರಶ್ನೆ

ನಮಗೆ ಇದು ಹೊಸದಲ್ಲ. 1999ರಲ್ಲಿ ಹಂಪಿಯನ್ನು ಯುನೆಸ್ಕೋ 'ಅಪಾಯದಲ್ಲಿರುವ ತಾಣ'ಗಳ ಪಟ್ಟಿಗೆ ಹಾಕಿತು. ತುಂಗಭದ್ರೆಗೆ ಕಟ್ಟುತ್ತಿದ್ದ ಸೇತುವೆ ಅದಕ್ಕೆ ಮುಖ್ಯ ಕಾರಣ. 2006ರಲ್ಲಿ ಹೊರಬಂತು. 2011ರಲ್ಲಿ ಹಂಪಿ ಬಜಾರಿನಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳನ್ನು ಎಬ್ಬಿಸಲಾಯಿತು. 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿನ ಬಳಿಕ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ನೆಲಸಮ ಮಾಡಲಾಯಿತು. ಗಡ್ಡೆಯಲ್ಲೂ ಮೊದಲಿದ್ದದ್ದು ಭತ್ತದ ಗದ್ದೆಗಳೇ.

ಇನ್ನೂ ಹತ್ತಿರದ ನಂಟು ಪಶ್ಚಿಮ ಘಟ್ಟದ್ದು. 2012ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಡೆದ ಅದೇ ಸಭೆಯಲ್ಲಿ ಬಾಲಿಯ ಸುಬಕ್ ಮತ್ತು ನಮ್ಮ ಪಶ್ಚಿಮ ಘಟ್ಟ ಎರಡೂ ವಿಶ್ವ ಪರಂಪರೆ ಪಟ್ಟಿ ಸೇರಿದವು. ಘಟ್ಟದ 39 ತಾಣಗಳಲ್ಲಿ 10 ಕರ್ನಾಟಕದ್ದು. ಮಲೆನಾಡಿನ ಹಳ್ಳಿಗಳು ಕಸ್ತೂರಿರಂಗನ್ ವರದಿಗೆ ಹೆದರಿದ್ದು, ಬೀದಿಗಿಳಿದಿದ್ದು ನೆನಪಿದೆ. ಅಲ್ಲೂ ಜನರ ಪ್ರಶ್ನೆ ಕಾಡು ಬೇಕಾ ಬೇಡವಾ ಅನ್ನುವುದಾಗಿರಲಿಲ್ಲ. ಗೆರೆ ಎಳೆಯುವಾಗ ನಮ್ಮನ್ನು ಯಾರು ಕೇಳಿದರು, ಗೆರೆಯೊಳಗೆ ನಮ್ಮ ಬದುಕು ಹೇಗೆ ಅನ್ನುವುದಾಗಿತ್ತು.

ಒಂದು ದೊಡ್ಡ ವ್ಯತ್ಯಾಸ ಇದೆ. ಹಂಪಿಯ ಕಲ್ಲು ಮಂಟಪ ಯಾರೂ ಇಲ್ಲದಿದ್ದರೂ ನಿಲ್ಲುತ್ತದೆ. ಕಾಡು ಮನುಷ್ಯ ಬಿಟ್ಟರೆ ಇನ್ನೂ ಚೆನ್ನಾಗಿ ಬೆಳೆಯುತ್ತದೆ. ಮೆಟ್ಟಿಲು ಗದ್ದೆ ಹಾಗಲ್ಲ. ರೈತ ಎರಡು ವರ್ಷ ಬರದಿದ್ದರೆ ಕಳೆ ಹತ್ತುತ್ತದೆ, ಬದು ಒಡೆಯುತ್ತದೆ, ಮಳೆಗೆ ಮಣ್ಣು ಜಾರುತ್ತದೆ. ಅಲ್ಲಿ ಪರಂಪರೆ ಅಂದರೆ ದಿನಾ ನಡೆಯುವ ಕೆಲಸ. ಆದ್ದರಿಂದ ಕಟ್ಟಡ ಕೆಡವಿದ ಮಾತ್ರಕ್ಕೆ ಜತಿಲುವಿಹ್ ಉಳಿಯುವುದಿಲ್ಲ.

'ಬಾಲಿಯಲ್ಲಿ ವಿಲ್ಲಾ' ಎಂಬ ಜಾಹೀರಾತು

ಇದರಲ್ಲಿ ನಮ್ಮವರಿಗೂ ಒಂದು ಪಾತ್ರ ಇದೆ. 2024ರ ಮಾರ್ಚ್‌ನಿಂದ ಬೆಂಗಳೂರಿನಿಂದ ಬಾಲಿಗೆ ನೇರ ವಿಮಾನ ಶುರುವಾಯಿತು. ಆ ವರ್ಷ ಬಾಲಿಗೆ ಬಂದವರಲ್ಲಿ ಆಸ್ಟ್ರೇಲಿಯಾದವರ ನಂತರ ಹೆಚ್ಚಿನವರು ಭಾರತೀಯರೇ. ಜತೆಗೆ ಫೋನಿನಲ್ಲಿ ಜಾಹೀರಾತುಗಳೂ ಬರುತ್ತವೆ. ಗದ್ದೆ ನೋಟದ ವಿಲ್ಲಾ, ಇಷ್ಟು ಲಕ್ಷ ಹಾಕಿ, ತಿಂಗಳು ತಿಂಗಳು ಬಾಡಿಗೆ ಎಂದು.

ಹಣ ಹಾಕುವವರಿಗೆ ಒಂದು ಮಾತು ಸ್ಪಷ್ಟವಾಗಿರಲಿ. ವಿದೇಶಿಯರಿಗೆ ಅಲ್ಲಿ ಸಿಗುವುದು ಗುತ್ತಿಗೆ ಅಥವಾ ಬಳಕೆಯ ಹಕ್ಕು. ಗುತ್ತಿಗೆ ಸಾಮಾನ್ಯವಾಗಿ 25ರಿಂದ 30 ವರ್ಷ. ಬಳಕೆಯ ಹಕ್ಕು 30 ವರ್ಷ, ಆಮೇಲೆ 20, ಆಮೇಲೆ 30 ಎಂದು ವಿಸ್ತರಣೆ ಸೇರಿ 80 ವರ್ಷದವರೆಗೆ ಹೋಗಬಹುದು. ಅಲ್ಲಿಯವರೊಬ್ಬರ ಹೆಸರಿನಲ್ಲಿ ಜಮೀನು ಕೊಂಡು ಒಳಗೊಳಗೆ ಒಪ್ಪಂದ ಮಾಡಿಕೊಳ್ಳುವ ದಾರಿಯನ್ನು ದಲ್ಲಾಳಿಗಳು ಹೇಳುತ್ತಾರೆ. 2007ರ ಹೂಡಿಕೆ ಕಾನೂನು ಹೂಡಿಕೆದಾರರ ಇಂಥ ಬೇನಾಮಿ ಒಪ್ಪಂದಗಳನ್ನು ಅಸಿಂಧು ಎನ್ನುತ್ತದೆ, 1960ರ ಭೂ ಕಾನೂನು ಇಂಥ ಬಳಸುದಾರಿಯಲ್ಲಿ ವಿದೇಶಿಯರಿಗೆ ಒಡೆತನ ದಾಟಿಸುವುದನ್ನು ಒಪ್ಪುವುದಿಲ್ಲ. ಜಗಳ ಬಂದರೆ ಕೋರ್ಟಿನಲ್ಲಿ ಕೈಯಲ್ಲಿ ಏನೂ ಉಳಿಯುವುದಿಲ್ಲ. ಇದೆಲ್ಲ ಸರಿಯಿದ್ದು ಜಾಗ ಮಾತ್ರ ಸಂರಕ್ಷಿತ ಗದ್ದೆಯಾಗಿದ್ದರೆ ಜತಿಲುವಿಹ್‌ನ ಬೀಗ ಅಲ್ಲೂ ಬೀಳಬಹುದು. ಗದ್ದೆಯ ನಡುವಿನ ವಿಲ್ಲಾ ಎಂದು ಜಾಹೀರಾತು ಹೇಳಿದರೆ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು.

ಸುಮ್ನೆ ನೋಡಿ ಬರಲು ಹೋಗುವವರ ಲೆಕ್ಕ ಸರಳ. ಭಾರತೀಯರಿಗೆ ಇಳಿದ ಮೇಲೆ ಸಿಗುವ 30 ದಿನದ ವೀಸಾಕ್ಕೆ 5 ಲಕ್ಷ ರುಪಿಯಾ. 2024ರ ಫೆಬ್ರವರಿಯಿಂದ ಬಾಲಿ ಪ್ರಾಂತ್ಯ ಪ್ರತಿ ವಿದೇಶಿಯಿಂದ 1.5 ಲಕ್ಷ ರುಪಿಯಾ ಸಂಸ್ಕೃತಿ ಮತ್ತು ಪರಿಸರ ಶುಲ್ಕ ತೆಗೆದುಕೊಳ್ಳುತ್ತದೆ. ನಮ್ಮ ದುಡ್ಡಿನಲ್ಲಿ ಸುಮಾರು 800 ರೂಪಾಯಿ. ಡೆನ್ಪಸಾರ್‌ನಿಂದ ಜತಿಲುವಿಹ್ 50 ಕಿಲೋಮೀಟರ್ ಒಳಗೇ ಇದ್ದರೂ ಬೆಟ್ಟದ ಕಿರಿದಾದ ರಸ್ತೆಯಲ್ಲಿ ಒಂದೂವರೆ, ಎರಡು ಗಂಟೆ ಬೇಕು. ಬಾಡಿಗೆ ಕಾರೋ ಸ್ಕೂಟರೋ ಮಾಡಿಕೊಳ್ಳಬೇಕು. ಹೆಚ್ಚಿನವರು ಬೆಳಿಗ್ಗೆ ಬಂದು ಎರಡು ಗಂಟೆ ಫೋಟೋ ತೆಗೆದು ಹೋಗುತ್ತಾರೆ. ಹೀಗಾದಾಗ ಊರಿಗೆ ಉಳಿಯುವುದು ಟಿಕೆಟ್ ಹಣ ಮತ್ತು ಒಂದು ಊಟದ ಹಣ. ಊರೊಳಗಿನ ಮನೆಗಳಲ್ಲಿ ಒಂದು ರಾತ್ರಿ ಉಳಿದರೆ, ಅಲ್ಲಿನ ಕೆಂಪಕ್ಕಿ ಕೊಂಡರೆ, ಗದ್ದೆಗೆ ಕಾಂಕ್ರೀಟ್ ಹಾಕದೆಯೇ ಹಣ ರೈತನ ಮನೆ ಸೇರುತ್ತದೆ.

ಮುಂದೇನಾಗಬಹುದು

ಬೀಗ ಹಾಗೇ ಉಳಿದು ನೆರವು ಬರದಿದ್ದರೆ ಬೇಸಾಯ ಬಿಡುವವರು ಹೆಚ್ಚುತ್ತಾರೆ. ಈಗಲೇ ಬಾಲಿಯ ಹಳ್ಳಿಗಳಲ್ಲಿ ಗದ್ದೆಗೆ ಇಳಿಯುವವರು ಹೆಚ್ಚಾಗಿ ವಯಸ್ಸಾದವರು. ಮಕ್ಕಳು ಹೋಟೆಲು, ಹಡಗುಗಳ ಕೆಲಸಕ್ಕೆ ಹೋಗಿದ್ದಾರೆ. ಮಗನನ್ನು ಊರಿನಲ್ಲಿ ಹಿಡಿದಿಟ್ಟುಕೊಳ್ಳುವ ಒಂದೇ ಆದಾಯ ವಾರುಂಗ್ ಆಗಿದ್ದರೆ, ಅದನ್ನು ಮುಚ್ಚಿದ ಮೇಲೆ ಕಾಲುವೆಯ ಹೂಳೆತ್ತಲು ಯಾರು ಬರುತ್ತಾರೆ? ಪಾಳುಬಿದ್ದ ಗದ್ದೆಗೆ ಸಂರಕ್ಷಣೆಯ ಗೆರೆ ಇದ್ದೂ ಪ್ರಯೋಜನವಿಲ್ಲ.

ಒತ್ತಡಕ್ಕೆ ಮಣಿದು ಬೀಗ ತೆಗೆದು ಎಲ್ಲರಿಗೂ ಬಿಟ್ಟುಕೊಟ್ಟರೆ ವಾರುಂಗ್‌ನ ಹಿಂದೆಯೇ ಹೊರಗಿನ ಬಂಡವಾಳ ಬರುತ್ತದೆ. ರೈತನ ಹೆಸರಿನ ವಾರುಂಗ್ ನಾಲ್ಕು ವರ್ಷಕ್ಕೆ ಬೇರೆಯವರ ರೆಸ್ಟೋರೆಂಟ್ ಆಗುತ್ತದೆ. ಚಂಗ್ಗುವಿನ ದಾರಿ ಅದೇ.

ಹಾಗಾಗಿ ಫಲ ಕೊಡಬಹುದಾದ ದಾರಿ ಬೇರೆ ಕಡೆ ಇದೆ, ಮತ್ತು ಅದಕ್ಕೆ ಬೇಕಾದ ಸಾಮಾನುಗಳು ಆಗಲೇ ಅಲ್ಲಿವೆ. ಗದ್ದೆ ಮಾಡುವವರಿಗೆ ಮಾತ್ರ, ಇಂತಿಷ್ಟೇ ಅಳತೆಯ, ಮರ ಬಿದಿರಿನ, ಬೇಕಾದಾಗ ಕಳಚಬಹುದಾದ ಅಂಗಡಿಗೆ ಅವಕಾಶ ಕೊಡಬಹುದು. ಆ ಅವಕಾಶವನ್ನು ಬೇರೆಯವರಿಗೆ ದಾಟಿಸುವ ಹಾಗಿಲ್ಲ ಎಂದು ಸುಬಕ್ ತನ್ನ ಕಟ್ಟಳೆಯಲ್ಲೇ ಬರೆದುಕೊಳ್ಳಬಹುದು. 'ಅವಿಗ್-ಅವಿಗ್' ಎಂಬ ಆ ಕಟ್ಟಳೆಗೆ ಊರಿನಲ್ಲಿ ಸರ್ಕಾರಿ ಆದೇಶಕ್ಕಿಂತ ಹೆಚ್ಚು ಬೆಲೆ ಇದೆ. ಟಿಕೆಟ್ ಹಣದಲ್ಲಿ ಒಂದು ನಿಗದಿತ ಪಾಲು ನೆಟ್ಟ ಗದ್ದೆಯ ಅಳತೆಗೆ ತಕ್ಕ ಹಾಗೆ ನೇರವಾಗಿ ರೈತನ ಖಾತೆಗೆ ಹೋಗಬೇಕು. ಗೇಣಿ ರೈತ ಇದ್ದರೆ ಅವನಿಗೂ ಪಾಲಿರಬೇಕು. ಪ್ರಾಂತ್ಯ ತೆಗೆದುಕೊಳ್ಳುವ 1.5 ಲಕ್ಷ ರುಪಿಯಾ ಶುಲ್ಕದ ಹೆಸರಲ್ಲೇ ಸಂಸ್ಕೃತಿ, ಪರಿಸರ ಎಂಬ ಮಾತಿದೆ. ಸುಬಕ್ ಈ ಎರಡಕ್ಕೂ ಸೇರುತ್ತದೆ, ಅದರ ಕಾಲುವೆಗೆ ಆ ಹಣ ಬರಬೇಕೆಂದು ರೈತರು ಕೇಳಿದರೆ ಅದು ದಾನ ಕೇಳಿದ ಹಾಗೆ ಆಗುವುದಿಲ್ಲ.

ಇದರಲ್ಲಿ ಕಷ್ಟವಾದದ್ದು ಟಿಕೆಟ್ ಹಂಚಿಕೆ. ಈಗ ಪಾಲು ಪಡೆಯುತ್ತಿರುವವರು ತಮ್ಮ ಪಾಲು ಕಡಿಮೆ ಮಾಡಿಕೊಳ್ಳಬೇಕಾಗುತ್ತದೆ. ಕಟ್ಟಡಕ್ಕೆ ಬೀಗ ಹಾಕಲು ಒಂದು ದಿನ ಸಾಕಾಯಿತು. ಜಿಲ್ಲಾ ಸರ್ಕಾರ, ಹಳ್ಳಿಗಳು, ಸುಬಕ್ ಒಂದೇ ಕಡೆ ಕೂತು ಆ ಹಣದ ಲೆಕ್ಕ ಬಿಚ್ಚಿಡಲು ಎಷ್ಟು ಕಾಲ ತೆಗೆದುಕೊಳ್ಳುತ್ತವೆ ಅನ್ನುವುದರ ಮೇಲೆ ಮುಂದಿನ ನಾಟಿಗೆ ಎಷ್ಟು ಜನ ಗದ್ದೆಗೆ ಇಳಿಯುತ್ತಾರೆ ಅನ್ನುವುದು ನಿಂತಿದೆ.